ಐದನೆಯ ಒಪ್ಪಿಯಾ

ಮೆಲಿತೆ ಆ ಮನೆಗೆ ಬಂದಾಗ ಎಂಟು ವರ್ಷದ ಗುಲಾಮ ಹುಡುಗಿ. ಕೈಗೆ ಬಾಚಣಿಗೆ ಕೊಟ್ಟರು. ಮೂವತ್ತು ವರ್ಷವಾದರೂ ಅದು ಕೈಬಿಟ್ಟಿರಲಿಲ್ಲ. ಮನೆಯ ಹೆಂಗಸರಿಗೆಲ್ಲ ಒಂದೇ ಹೆಸರು, ಒಪ್ಪಿಯಾ. ರೋಮಿನ ದೊಡ್ಡ ಮನೆಗಳಲ್ಲಿ ಗಂಡುಮಕ್ಕಳಿಗೆ ಮೂರು ಮೂರು ಹೆಸರಿಟ್ಟು, ಹೆಣ್ಣುಮಕ್ಕಳ ಸರದಿ ಬರುವಷ್ಟರಲ್ಲಿ ಸುಸ್ತಾಗುತ್ತಾರೇನೋ. ಮೆಲಿತೆ ಅವರನ್ನು ತಲೆಗೂದಲಿನಿಂದಲೇ ಗುರುತಿಟ್ಟುಕೊಂಡಿದ್ದಳು: ನರೆ ಮುಚ್ಚಿಸುವವರು, ಚೌರಿ ಇಡುವವರು, ಬಾಚುವಾಗಲೂ ಜಗಳ ತೆಗೆಯುವವರು. ಆರು ವರ್ಷದ ಹಿಂದೆ ಯಜಮಾನರ ಸೋದರತ್ತೆ, ಹಿರಿಯ ಒಪ್ಪಿಯಾ, ಅವಳನ್ನು ಬಿಡುಗಡೆ ಮಾಡಿದರು. ಬಿಡುಗಡೆಯಾದವಳಿಗೆ ಬಿಟ್ಟವರ ಮನೆತನದ ಹೆಸರು ಸೇರುತ್ತದೆ. ಆದರೆ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

ಅವಳ ಜೀವವೆಲ್ಲ ಮನೆಮಗಳ ಮೇಲೆ; ಆಕೆಯೂ ಒಪ್ಪಿಯಾಳೇ, ಮುದ್ದಿಗೆ ಪೋಲ್ಲಾ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಇವಳೇ. ಇವತ್ತು ಪೋಲ್ಲಾಳ ಮದುವೆ. ವಾಡಿಕೆಯಂತೆ ಈಟಿಯ ಮೊನೆಯಿಂದ ಬೈತಲೆ ತೆಗೆದು ಕೂದಲನ್ನು ಆರು ಎಳೆ ಮಾಡುತ್ತಿದ್ದಾಗ ಹೊರಗೆ ಗಲಾಟೆ ಎದ್ದಿತು.

ವಧೂವರರ ಬಲಗೈಗಳನ್ನು ಸೇರಿಸಬೇಕಾದವಳು ಒಂದೇ ಗಂಡನನ್ನು ಕಂಡ ಮುತ್ತೈದೆಯಾಗಿರಬೇಕು. ಆ ಕೆಲಸಕ್ಕೆ ಗೊತ್ತುಮಾಡಿದ್ದ ದೊಡ್ಡತ್ತೆಗೆ, ಯಜಮಾನರ ಮೂವರು ತಂಗಿಯರಲ್ಲಿ ಹಿರಿಯವರಿಗೆ, ಸಿಸಿಲಿಯಲ್ಲಿದ್ದ ಗಂಡನಿಂದ ಈಗಷ್ಟೇ ಪತ್ರ ಬಂದಿತ್ತು: ಮದುವೆ ಮುರಿದಿದೆ, ಇನ್ನೂ ದೊಡ್ಡ ಮನೆಯ ಸಂಬಂಧ ಸಿಕ್ಕಿದೆ. ಗಂಡ ಹೋದನೆಂಬುದಕ್ಕಿಂತ ಇವತ್ತೇ ಹೋದನಲ್ಲ ಎಂದು ಅವರಿಗೆ ಸಿಟ್ಟು. ನಡುವಿನ ಅತ್ತೆಗೆ ಇದು ಮೂರನೆಯ ಗಂಡ, ಚಿಕ್ಕತ್ತೆಗೆ ನಾಲ್ಕನೆಯವನು. ಅಣ್ಣಂದಿರು ಈ ತಂಗಿಯರನ್ನು ಕೊಟ್ಟು ಚುನಾವಣೆಗೊಂದು ಬೀಗತನ ಬೆಳೆಸಿದ್ದರು. ಹಿರಿಯ ಒಪ್ಪಿಯಾ ವಿಧವೆ. ನಾಳಿದ್ದಿನಿಂದ ಮೇ ತಿಂಗಳು, ಆಗ ಯಾರೂ ಮದುವೆ ಮಾಡುವುದಿಲ್ಲ. ಮದುಮಗನೋ ಸೈನ್ಯದ ಜೊತೆ ಹೊರಟರೆ ಬರುವುದು ಎರಡು ವರ್ಷಕ್ಕೆ. ಪೋಲ್ಲಾಳ ಕಣ್ಣು ತುಂಬಿತು. ಅವಳು ಆ ಹುಡುಗನನ್ನು ನಿಜವಾಗಿಯೂ ಮೆಚ್ಚಿದ್ದಳು. ಆ ಮನೆಯಲ್ಲಿ ಅದು ಅಪರೂಪವೇ.

"ಮೆಲಿತೆ ಇದ್ದಾಳಲ್ಲ ಅಜ್ಜಿ," ಎಂದಳು ಇದ್ದಕ್ಕಿದ್ದಂತೆ, ಹಿರಿಯ ಒಪ್ಪಿಯಾರತ್ತ ತಿರುಗಿ.

ಮೆಲಿತೆಯೊಳಗೆ ಆ ಆಸೆ ಹುಟ್ಟಿದ್ದು ಆ ಗಳಿಗೆಯಲ್ಲೇ, ಹುಟ್ಟಿದ ಕೂಡಲೇ ನಾಚಿಕೆಯೂ ಆಯಿತು.

"ತಲೆ ಬಾಚೋಳು ಕೈ ಸೇರಿಸೋದಾ?" ಎಂದರು ಚಿಕ್ಕತ್ತೆ. "ನಮ್ಮ ಮನೆತನದವಳೇ ಆಗ್ಬೇಕು."

"ಅವಳ ಪೂರ್ತಿ ಹೆಸರು ಹೇಳು ನೋಡೋಣ," ಎಂದರು ಹಿರಿಯ ಒಪ್ಪಿಯಾ.

ಅದರಲ್ಲಿ ತಮ್ಮದೇ ಮನೆತನದ ಹೆಸರಿದೆ ಎಂದು ಚಿಕ್ಕತ್ತೆಗೆ ನೆನಪಾಯಿತು. ಆದರೆ ಸೋಲುವ ಹೆಂಗಸಲ್ಲ. ಗುಲಾಮಳಾಗಿದ್ದಾಗ ಒಂದು ಮದುವೆ, ಬಿಡುಗಡೆಯಾದ ಮೇಲೆ ಕಾನೂನಿನಂತೆ ಇನ್ನೊಂದು, ಇವಳೂ ಎರಡು ಸಲದವಳೇ ಎಂದು ಪಟ್ಟು ಹಿಡಿದರು. ಎಲ್ಲರೂ ಮೆಲಿತೆಯತ್ತ ನೋಡಿದರು.

"ಹೌದು ತಾಯಿ, ಎರಡು ಸಲ," ಎಂದಳು ಅವಳು ಮೆಲ್ಲಗೆ. "ಎರಡು ಸಲಾನೂ ಅದೇ ಗಂಡ, ಹೈಲಸ್ಸೇ."

ಮೊದಲು ನಕ್ಕವರು ಗಂಡ ಬಿಟ್ಟ ದೊಡ್ಡತ್ತೆ. ಆಮೇಲೆ ಚಿಕ್ಕತ್ತೆಗೂ ತಡೆಯಲಾಗಲಿಲ್ಲ.

ಮಧ್ಯಾಹ್ನ ಪಡಸಾಲೆಯಲ್ಲಿ, ಪೂರ್ವಿಕರ ಮೇಣದ ಮುಖಗಳ ಕೆಳಗೆ, ವಧೂವರರು ನಿಂತರು. ಕೊನೆಗೆ ಏನು ತೀರ್ಮಾನವಾಯಿತೆಂದು ಮೆಲಿತೆಗೆ ಯಾರೂ ಹೇಳಿರಲಿಲ್ಲ; ಅವಳು ರೂಢಿಯಂತೆ ಹಿಂಬಾಗಿಲಲ್ಲಿ ನಿಂತಿದ್ದಳು, ರೊಟ್ಟಿ ಸುಡುವ ಗಂಡ ಹೈಲಸ್‌ನ ಪಕ್ಕದಲ್ಲಿ. ಅವನು ಮದುವೆಯ ಕಡುಬಿನ ಬುಟ್ಟಿ ಹೊತ್ತು ಬಂದಿದ್ದ.

"ಒಪ್ಪಿಯಾ, ಬಾಮ್ಮ," ಎಂದು ಹಿರಿಯ ಒಪ್ಪಿಯಾ ಕೂಗಿದರು.

ಮೂವರು ಅತ್ತೆಯರೂ ಮದುಮಗಳೂ ತಿರುಗಿದರು. ಮೆಲಿತೆಯೂ ಯಾರು ಬರುತ್ತಾರೆಂದು ಕತ್ತು ಚಾಚಿ ನೋಡಿದಳು.

ಹೈಲಸ್ ಅವಳ ಬೆನ್ನಿಗೆ ತಿವಿದ. "ನಿನ್ನನ್ನೇ ಕಣೇ."