ಭುಜದಲ್ಲಿ ನೊಂದ ಗುಲ್ಮ

ಭುಜ ಹಿಡಿದುಕೊಂಡರೆ ನಮ್ಮ ಹೊಸದುರ್ಗದಲ್ಲಿ ಎಲ್ಲರೂ ಡಾಕ್ಟರ ಬಳಿಗೆ ಓಡುವುದಿಲ್ಲ. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕುತ್ತಾರೆ. ಅಂಥವರ ಪಾದ ಸೋಕಿದರೆ ಉಳುಕು ಬಿಡುತ್ತದೆಂಬ ನಂಬಿಕೆ. ನನ್ನ ಪುಣ್ಯಕ್ಕೆ ಪಕ್ಕದ ಮನೆಯ ಹನುಮಕ್ಕ ಹಾಗೆ ಹುಟ್ಟಿದವಳೇ. ಆ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಅವಳ ಜಗಲಿಯ ಮೇಲೆ ಬೋರಲು ಮಲಗಿದೆ.

ಹಿಂದಿನ ಸಂಜೆ ಅವಳದೇ ಟಗರು ನನ್ನ ಎಡಪಕ್ಕೆಗೆ ಗುಮ್ಮಿತ್ತು. ನನ್ನಂಥ ಐವತ್ತು ದಾಟಿದ, ಮದುವೆಯಾಗದ ಡ್ರಾಯಿಂಗ್ ಮೇಷ್ಟ್ರಿಗೆ ಟಗರು ಗುಮ್ಮಿದ್ದನ್ನು ಹೇಳಿಕೊಂಡು ನಗಲಿಕ್ಕಾದರೂ ಮನೆಯಲ್ಲೊಬ್ಬರು ಬೇಡವೇ? ಬೆಳಗಾಗುವಷ್ಟರಲ್ಲಿ ಪಕ್ಕೆಗಿಂತ ಎಡಭುಜವೇ ಹೆಚ್ಚು ನೋಯುತ್ತಿತ್ತು; ಉಳುಕೆಂದು ನಾನೇ ತೀರ್ಮಾನಿಸಿಬಿಟ್ಟೆ. ಹನುಮಕ್ಕ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಂತೆ ನನಗೆ ತಣ್ಣನೆಯ ಬೆವರೊಡೆದು ಕಣ್ಣು ಕತ್ತಲಿಟ್ಟಿತು.

"ಅಯ್ಯೋ, ನಾನಿನ್ನೂ ಕಾಲೇ ಇಟ್ಟಿಲ್ಲ ಕಣ್ರೀ!" ಎಂದು ಅವಳು ಕೂಗಿದ್ದಷ್ಟೇ ನೆನಪು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ತಿಳಿಯಿತು, ಎಡಪಕ್ಕೆಯೊಳಗಿನ ಗುಲ್ಮ, ಡಾಕ್ಟರ ಮಾತಿನಲ್ಲಿ ಸ್ಪ್ಲೀನ್, ಒಡೆದಿತ್ತು. ಹೊಟ್ಟೆಯೊಳಗೆ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಸಣ್ಣ ಬಿರುಕಾದರೆ ಮಲಗಿಸಿ ಕಾಯುತ್ತಾರೆ, ನನ್ನದನ್ನು ತೆಗೆಯಲೇಬೇಕಾಯಿತು. ಗುಲ್ಮವೆಂದರೆ ಪೊದೆ, ಗುಲ್ಮವೆಂದರೆ ಕಾವಲಿನ ಪಡೆ ಎನ್ನುತ್ತದೆ ನಿಘಂಟು. ಕೋಟೆಯೂರಿಗೆ ಹೋಗಿ ಕಾವಲನ್ನೇ ಕಳೆದುಕೊಂಡು ಬಂದ ಜಾಣ ನಾನು!

ಹಾಸಿಗೆಯಲ್ಲಿ ಯೋಚಿಸಿದೆ: ಒಡೆಯುವುದು ಒಂದು ಕಡೆ, ನೋಯುವುದು ಇನ್ನೊಂದು ಕಡೆ. ಭಾನುವಾರಗಳಲ್ಲಿ ನಾನು ಖಾನಾವಳಿಯ ಸಾರಿಗೆ ಉಪ್ಪಿಲ್ಲವೆಂದು ಜಗಳ ತೆಗೆಯುತ್ತಿದ್ದೆನಲ್ಲ, ಆ ಸಾರಿಗೆ ಉಪ್ಪು ಯಾವತ್ತೂ ಸರಿಯಾಗಿಯೇ ಇತ್ತು. ನನಗೆ ಮಾತಾಡುವವರು ಬೇಕಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ಲಸಿಕೆ ತಪ್ಪಿಸ್ಬ್ಯಾಡ್ರಿ. ಸೋಂಕು ತಡೆಯೋ ಗುಲ್ಮ ಇಲ್ಲ, ಇನ್ಮೇಲೆ ನಿಮಗೆ ಜ್ವರ ಅಂದ್ರೆ ಸಣ್ಣದಲ್ಲ. ಬೆಳಗಾಗ್ಲಿ ಅಂತ ಕಾಯದೆ ಬಂದ್ಬಿಡ್ರಿ. ಮನೇಲಿ ಯಾರದಾರೆ?"

ಪಕ್ಕದಲ್ಲಿದ್ದ ಹನುಮಕ್ಕ, "ಗೋಡೆ ಆಚೆ ನಾನಿದೀನಿ" ಎಂದಳು.

ಮೊನ್ನೆ ಮಧ್ಯಾಹ್ನ ಮೈ ಬೆಚ್ಚಗಾದಂತೆನಿಸಿತು. ಚಪ್ಪಲಿಯನ್ನೂ ಮೆಟ್ಟದೆ ಅವಳ ಬಾಗಿಲಿಗೆ ಹೋಗಿ, "ಹನುಮಕ್ಕ, ಜ್ವರ ಬಂದಂಗೈತೆ" ಎಂದೆ. ಅವ್ವ ಹೋದ ಮೇಲೆ ಯಾರಿಗೂ ಆಡದ ಮಾತು ಅದು. ಅವಳು ಹಿಟ್ಟಿನ ಕೈ ತೊಳೆದು, ಒರೆಸಿಕೊಂಡು, ನನ್ನ ಹಣೆಯ ಮೇಲಿಟ್ಟಳು. ಜ್ವರವಿಲ್ಲ ಎಂದುಬಿಟ್ಟಾಳೆಂಬ ಭಯದಲ್ಲಿ ನಾನು ಕಣ್ಣು ಮುಚ್ಚಿಕೊಂಡೆ.