ಶಿವಣ್ಣ ಹಾಕಿದ ಎರಡನೆಯ ಗಂಟು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವಳು ನಾನು. ಹುಣಸೂರಿನ ಔಷಧಿ ಅಂಗಡಿಯಲ್ಲಿ ಕೆಲಸ. ಗುಳಿಗೆ ಬಿಟ್ಟು ತಾಯಿತ ನಂಬುವವರನ್ನು ನೋಡಿ ನೋಡಿ ಸಾಕಾಗಿತ್ತು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಮ್ಮೂರಿಗೆ ಬಸ್ಸಿಲ್ಲ. ಬೆಳಿಗ್ಗೆ ಹಾರನಹಳ್ಳಿಯವರೆಗೆ ಸೈಕಲ್ ತುಳಿದು, ಶಿವಣ್ಣನವರ ಟೀ ಅಂಗಡಿಯ ಪಕ್ಕ ಬೀಗ ಹಾಕಿ ನಿಲ್ಲಿಸಿ, ಅಲ್ಲಿಂದ ಬಸ್ ಹತ್ತುತ್ತೇನೆ. ಸುತ್ತಲಿನ ಊರಿನವರು ಮಾಡುವುದೂ ಹೀಗೆಯೇ. ಸೀಟು ಬಿಸಿಲಿಗೆ ಕಾಯದಿರಲೆಂದು ಶಿವಣ್ಣ ಎಲ್ಲ ಸೈಕಲ್ಲುಗಳ ಸೀಟಿಗೂ ಗೊಬ್ಬರದ ಚೀಲದ ತುಂಡು ಕಟ್ಟುತ್ತಾರೆ. ಹಾಕುವುದು ಒಂದೇ ಗಂಟು, ಅದನ್ನು ಬಿಚ್ಚುವಷ್ಟರಲ್ಲಿ ಉಗುರು ಕಿತ್ತುಬರುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಅತ್ತೆ ಅಂಗಡಿಗೆ ಫೋನ್ ಮಾಡಿದರು. "ಮಗೀಗೆ ಉಸ್ರು ಕಟ್ತಾ ಅದೆ ಕಣವ್ವ. ಪಂಪಲ್ಲಿ ಔಸ್ತಿ ಖಾಲಿ. ಬಿರ್‍ರನೆ ಬಾ."

ಮಗಳಿಗೆ ಉಬ್ಬಸ. ಗಂಡ ಬೈಕ್ ತೆಗೆದುಕೊಂಡು ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದರು, ಅವರ ಫೋನ್ ಸಿಗಲಿಲ್ಲ. ಬಾಯಿಗೆ ಹೊಡೆಯುವ ಹೊಸ ಪಂಪನ್ನು ಪರ್ಸಿಗೆ ಹಾಕಿಕೊಂಡು ಓಡಿಹೋಗಿ ಬಸ್ ಹತ್ತಿದೆ.

ಗ್ರಹಚಾರ ನೋಡಿ, ದಾರಿಯಲ್ಲಿ ಮರ ಬಿದ್ದಿತ್ತು. ಬಸ್ಸು ಬಳಸು ದಾರಿ ಹಿಡಿಯಿತು, ಹಾರನಹಳ್ಳಿಗೆ ಹೋಗುವುದಿಲ್ಲ ಎಂದರು. ಕಂಡಕ್ಟರ್ ನನ್ನನ್ನು ಇನ್ನೊಂದು ದಿಕ್ಕಿನಿಂದ ನಮ್ಮೂರಿಗೆ ದಾರಿ ಕವಲೊಡೆಯುವ ಗೇಟಿನಲ್ಲಿ ಇಳಿಸಿ, "ಇಲ್ಲಿಂದ ನಡ್ಕಂಡೋಗ್ಬುಡಿ ಅಕ್ಕ" ಎಂದ. ನಡೆದರೆ ಗಂಟೆಗೂ ಮೀರಿದ ದಾರಿ. ಹೊತ್ತು ಇನ್ನೂ ಮುಳುಗಿರಲಿಲ್ಲ, ಆದರೂ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನನಗೆ ಅಳುವೇ ಬಂತು.

ತಂಗುದಾಣದ ಗೋಡೆಗೆ ಒಂದು ಸೈಕಲ್ ಒರಗಿತ್ತು. ಸೀಟಿಗೆ ಗೊಬ್ಬರದ ಚೀಲ, ಹ್ಯಾಂಡಲ್ಲಿಗೆ ನನ್ನ ಮಗಳೇ ಸುತ್ತಿದ್ದ ಕೆಂಪು ರಿಬ್ಬನ್. ಬೆಳಿಗ್ಗೆ ಹಾರನಹಳ್ಳಿಯಲ್ಲಿ ಬಿಟ್ಟುಬಂದ ನನ್ನದೇ ಸೈಕಲ್. ಬೀಗ ಹಾಕಿದಂತೆಯೇ ಇತ್ತು, ಕೀಲಿ ನನ್ನ ಪರ್ಸಿನಲ್ಲಿತ್ತು. ಹೇಗೆ ಬಂತೆಂದು ಆಗ ಯೋಚಿಸಲೇ ಇಲ್ಲ. ಚೀಲಕ್ಕೆ ಎಂದೂ ಇಲ್ಲದೆ ಎರಡು ಗಂಟು ಬಿದ್ದಿದ್ದವು. ಶಿವಣ್ಣನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತ ಹಲ್ಲಿನಿಂದ ಎರಡನ್ನೂ ಬಿಚ್ಚಿ, ಬೀಗ ತೆಗೆದು, ಹತ್ತಿ ತುಳಿದೆ.

ಮನೆ ಮುಟ್ಟಿದಾಗ ಮಗಳ ತುಟಿ ನೀಲಿಗಟ್ಟಿತ್ತು. ಪಂಪು ಒತ್ತಿ, ಅವಳ ಉಸಿರು ಹದಕ್ಕೆ ಬರುವವರೆಗೆ ನನ್ನಲ್ಲಿ ಜೀವವಿರಲಿಲ್ಲ. ನಡೆದು ಬಂದಿದ್ದರೆ ಏನಾಗುತ್ತಿತ್ತು ಎಂದು ಇಂದಿಗೂ ಯೋಚಿಸಲಾರೆ.

ಮರುದಿನ ಶಿವಣ್ಣನಿಗೆ ಕೈ ಮುಗಿಯೋಣವೆಂದು ಹೋದೆ. ಅವರೇ ಹೇಗೋ ಸಾಗಿಸಿರಬೇಕು ಅಂದುಕೊಂಡಿದ್ದೆ. ಅವರು ನನ್ನನ್ನೇ ಗದರಿದರು.

"ನೆನ್ನೆ ಯಾವಾಗ್ ಬಂದು ತಕ್ಕೊಂಡೋದೆ ಕಣವ್ವ? ಕತ್ತಲಾಗಿ ನಾನು ಅಂಗಡಿ ಮುಚ್ಚೋಗಂಟ ಸೈಕಲ್ ಇಲ್ಲೇ ಇತ್ತಲ್ಲ. ಗಾಳಿಗೆ ಚೀಲ ಆರೋಯ್ತದೆ ಅಂತ, ಓಗೋವಾಗ ಇನ್ನೊಂದ್ ಗಂಟು ಆಕ್ದೆ."

ಕತ್ತಲಾಗುವ ಹೊತ್ತಿಗೆ ಆ ಸೈಕಲ್ ನಮ್ಮ ಜಗಲಿಗೆ ಒರಗಿತ್ತು. ಮಗಳು ನನ್ನ ಮಡಿಲಲ್ಲಿ ಕೂತು ಗಂಜಿ ಕುಡಿಯುತ್ತಿದ್ದಳು.

ಶಿವಣ್ಣನಿಗೆ ಅರಳು ಮರಳು ಎಂದು ಗಂಡ ನಗುತ್ತಾರೆ. ಇರಬಹುದು. ಆದರೆ ಆ ಎರಡನೆಯ ಗಂಟನ್ನು ಅವರು ಹಾಕುವ ಮೊದಲೇ ಬಿಚ್ಚಿದವಳು ನಾನು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ. ಅಂದಿನಿಂದ ಆ ಸೈಕಲ್ಲಿಗೆ ನಾನು ಬೀಗ ಹಾಕಿಲ್ಲ.