ಎಡಗಡೆಯ ವಾರ್ನಿಶ್

1998ರಲ್ಲಿ ನಾನು ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದ ಅರ್ಧ ಜನ ತಮ್ಮ ಮಗನಿಗೊಂದು ಕೆಲಸ ಕೊಡಿಸಿ ಎನ್ನುತ್ತಿದ್ದ ಕಾಲ ಅದು. ನನ್ನದು ಕೆಲಸ ಕೊಡಿಸುವ ಕೆಲಸವಲ್ಲ. ಕಾಯಿಲೆಯಿಂದಲೋ ಅಪಘಾತದಿಂದಲೋ ಕೈಕಾಲು ಸ್ವಾಧೀನ ತಪ್ಪಿದವರಿಗೆ ಅಂಗಿ ಗುಂಡಿ ಹಾಕುವುದು, ಊಟ, ಸ್ನಾನ ಇಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವುದು. ಮಧ್ಯಾಹ್ನದವರೆಗೆ ಆಸ್ಪತ್ರೆ, ಸಂಜೆ ಸ್ಕೂಟರಿನಲ್ಲಿ ಮನೆಮನೆ ಸವಾರಿ. ತಾಳ್ಮೆ ಬೇಡುವ ವೃತ್ತಿ. ನನಗೋ ಅದು ಹುಟ್ಟಿನಿಂದ ಬಂದದ್ದಲ್ಲ, ರೋಗಿಗಳೇ ನನ್ನನ್ನು ಬಗ್ಗಿಸಿ ಕಲಿಸಿದ್ದು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಪಾಲಿಗೆ ಬಂದವರು ಸುಬೇದಾರ್ ದೊರೈರಾಜ್. ಸೈನ್ಯದಿಂದ ನಿವೃತ್ತರಾಗಿ ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಹೊಡೆದು ಎಡಗೈ ಎಡಗಾಲು ಸೋತಿದ್ದವು. ಮೊದಲ ದಿನ ನಾನು ಹೋದಾಗ ಅವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅವರ ಎಡಕ್ಕೆ ಇನ್ನೊಂದು ಕುರ್ಚಿಯಲ್ಲಿ ಪತ್ನಿ ಕಮಲಮ್ಮ. ಅವರ ಮನೆಮಾತು ತಮಿಳು, ನನ್ನ ಜೊತೆ ಮಾತ್ರ ಚೊಕ್ಕ ಕನ್ನಡ.

"ನಿಮ್ಮ ಮನೆಯವರು ಎಲ್ಲಿ?" ಎಂದು ಕೇಳಿದೆ. ಅದು ನಮ್ಮ ಪರೀಕ್ಷೆಯ ಒಂದು ಪ್ರಶ್ನೆ.

"ಒಳಗೆಲ್ಲೋ ಇರ್ಬೇಕು. ಈಚೆಗೆ ಈ ಕಡೆ ತಲೆನೇ ಹಾಕಲ್ಲ," ಎಂದರು ಸುಬೇದಾರರು. ಕಮಲಮ್ಮ ಒಂದು ಮೊಳ ದೂರದಲ್ಲಿದ್ದರು. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಕಾಫಿ ತರಲು ಹೋದರು.

ಇದಕ್ಕೆ ನಮ್ಮಲ್ಲಿ ನೆಗ್ಲೆಕ್ಟ್ ಎನ್ನುತ್ತಾರೆ. ಕಣ್ಣು ಚೆನ್ನಾಗಿಯೇ ಇರುತ್ತದೆ, ಆದರೆ ಪೆಟ್ಟು ತಿಂದ ಮೆದುಳು ಎಡಭಾಗದ ಲೋಕವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಏನೋ ಕಾಣುತ್ತಿಲ್ಲ ಎಂಬುದೂ ರೋಗಿಗೆ ತಿಳಿಯುವುದಿಲ್ಲ. ಸುಬೇದಾರರು ಬಲಗೆನ್ನೆಯನ್ನು ಮಾತ್ರ ಕ್ಷೌರ ಮಾಡಿಕೊಳ್ಳುತ್ತಿದ್ದರು. ತಟ್ಟೆಯ ಎಡಕ್ಕೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತಿತ್ತು. ಪಲ್ಯವನ್ನೇ ಮಾಡುವುದು ಬಿಟ್ಟಿದ್ದೀಯ ಎಂದು ಹೆಂಡತಿಯ ಮೇಲೆ ರೇಗುತ್ತಿದ್ದರು.

ಅಡುಗೆಮನೆಯಲ್ಲಿ ಕಮಲಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳಿ, "ಆಸ್ಪತ್ರೆಯಿಂದ ಬಂದಾಗಿನಿಂದ ಅವರು ನನ್ನ ಮುಖ ನೆಟ್ಟಗೆ ನೋಡಿಲ್ಲ ಮೇಡಂ. ಏನೋ ಸಿಟ್ಟು ಅಂತ ತಿಳ್ಕೊಂಡಿದ್ದೆ," ಎಂದರು.

"ಸದ್ಯಕ್ಕೆ ಬಲಗಡೆ ಕೂತ್ಕೊಳ್ಳಿ. ಆಗ ಕಾಣ್ತೀರಿ."

"ಅದಾಗಲ್ಲ. ಮದುವೆ ಹಸೆ ಮೇಲೆ ಎಡಗಡೆ ಕೂರಿಸಿದ್ರು, ಇವತ್ತಿನ ತನಕ ಅಲ್ಲೇ ಕೂತಿದ್ದೀನಿ. ನಾನ್ಯಾಕೆ ಜಾಗ ಬಿಡ್ಲಿ? ಅವರೇ ತಿರುಗ್ಲಿ."

ಇಂಥ ಹಟಮಾರಿ ದಂಪತಿ ಒಂದೇ ಮನೆಯಲ್ಲಿ ಸಿಗುವುದು ಅಪರೂಪ. ಎಡಗಡೆ ಹುಡುಕಿ ಜೋಡಿಸುವ ಅಭ್ಯಾಸಕ್ಕೆಂದು ನಾನು ಒಯ್ದಿದ್ದ ಬಣ್ಣದ ಗೂಟಗಳನ್ನು ನೋಡಿ ಗಂಡ, "ಇದು ಬಾಲವಾಡಿ ಸಾಮಾನು," ಎಂದು ಪಕ್ಕಕ್ಕೆ ತಳ್ಳಿದರು. ಎಡಕ್ಕೆ ನೋಡಿ ಎಂದರೆ, "ನೋಡಿದೆನಲ್ಲ!" ಎಂದು ಗದರುತ್ತಿದ್ದರು. ಎರಡು ವಾರ ಹೀಗೇ ಕಳೆಯಿತು, ಬಿಟ್ಟುಬಿಡೋಣವೇ ಎಂದು ನನಗೂ ಒಮ್ಮೆ ಅನಿಸಿತ್ತು.

ಆಗ ಕಣ್ಣಿಗೆ ಬಿದ್ದದ್ದು ಪೋರ್ಟಿಕೋದಲ್ಲಿ ಟಾರ್ಪಾಲಿನ್ ಹೊದ್ದು ಮಲಗಿದ್ದ ಉದ್ದನೆಯ ಆಕಾರ. ಕಾರಿರಬೇಕು ಎಂದುಕೊಂಡಿದ್ದೆ. ಎತ್ತಿ ನೋಡಿದರೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಕೂತ ಹನ್ನೊಂದು ಅಡಿಯ ಪ್ಲೈವುಡ್ ದೋಣಿ. ಸೈನ್ಯದಲ್ಲಿದ್ದಾಗ ಸುಬೇದಾರರು ಹಲಸೂರು ಕೆರೆಯಲ್ಲಿ ಹೊಸಬರಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದರಂತೆ. ಯಾರೋ ಗುಜರಿಗೆ ಹಾಕಲಿದ್ದ ಈ ದೋಣಿಯನ್ನು ಮನೆಗೆ ತಂದು, ಹಳೆಯ ಬಣ್ಣ ಕೆರೆಯುತ್ತಿದ್ದಾಗಲೇ ಸ್ಟ್ರೋಕ್ ಆಗಿತ್ತು. ನಾನು ರಾಯಚೂರು ಕಡೆಯವಳು, ಕೃಷ್ಣೆಯ ಹರಿಗೋಲು ಬಿಟ್ಟರೆ ಬೇರೆ ದೋಣಿ ಹತ್ತಿರದಿಂದ ಕಂಡವಳಲ್ಲ. ನಮ್ಮ ಹರಿಗೋಲು ದುಂಡಗಿರುತ್ತದೆ, ಅದಕ್ಕೆ ಎಡವೂ ಇಲ್ಲ ಬಲವೂ ಇಲ್ಲ. ಈ ದೋಣಿಗೆ ಎರಡೂ ಸ್ಪಷ್ಟವಾಗಿದ್ದವು, ನನಗೆ ಬೇಕಾದದ್ದೂ ಅದೇ.

ಮರುದಿನ ಗೂಟಗಳನ್ನು ಆಸ್ಪತ್ರೆಯಲ್ಲೇ ಬಿಟ್ಟು ಮರಳುಕಾಗದ ಕೊಂಡು ಹೋದೆ. ದೋಣಿಯ ಕೂರುವ ಹಲಗೆಯನ್ನು ಬಿಚ್ಚಿ ಅವರ ಮುಂದಿನ ಮೇಜಿನ ಮೇಲೆ ಅಡ್ಡಲಾಗಿ ಇಟ್ಟೆ. ಸುಬೇದಾರರ ಮುಖ ಆವತ್ತು ಮೊದಲ ಸಲ ಅರಳಿತು. ನಾಲ್ಕು ದಿನ ಉಜ್ಜಿದರು, ಐದನೆಯ ದಿನ ವಾರ್ನಿಶ್ ಬಳಿದರು. "ನೋಡಿ ಮೇಡಂ, ಕನ್ನಡಿ!" ಎಂದರು. ಬಲಗಡೆಯ ಅರ್ಧ ನಿಜಕ್ಕೂ ಕನ್ನಡಿ. ನಟ್ಟನಡುವೆ ಗೆರೆ ಎಳೆದಂತೆ ಹೊಳಪು ನಿಂತು, ಎಡಗಡೆಯ ಅರ್ಧದಲ್ಲಿ ಹಳೆಯ ನೀಲಿ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತ್ತು.

ನಾನು ಹಲಗೆಯನ್ನು ತಿರುಗಿಸಿ ಇಟ್ಟೆ. ಈಗ ಉಜ್ಜದ ಭಾಗ ಅವರ ಬಲಕ್ಕೆ ಬಂತು.

ಸುಬೇದಾರರ ಮುಖ ಕೆಂಪಾಯಿತು. "ಯಾರು ಕೆರೆದು ಹಾಕಿದ್ದು ಇದನ್ನ? ಕಮಲಾ! ನನ್ನ ವಾರ್ನಿಶ್ ಯಾಕೆ ಹಾಳು ಮಾಡ್ದೆ?"

ಕಮಲಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಮತ್ತೆ ತಿರುಗಿಸಿ ತೋರಿಸಿದೆ, ವಾದ ಮಾಡಿದೆ, ಅವರು ಇನ್ನಷ್ಟು ಸಿಡಿದರು. ಕೊನೆಗೆ ಇಬ್ಬರೂ ಮುಖ ಊದಿಸಿಕೊಂಡು ಕೂತೆವು.

ಮಾತು ಬದಲಿಸಲೆಂದು ಅಟ್ಟದ ಮೇಲೆ ಸುತ್ತಿಟ್ಟಿದ್ದ ಹಾಯಿಯನ್ನು ತೋರಿಸಿ, "ಅಷ್ಟು ದೊಡ್ಡ ಬಟ್ಟೆ ಅಡ್ಡ ಇದ್ರೆ ಆ ಕಡೆ ಇರೋದು ಕಾಣುತ್ತಾ?" ಎಂದು ಕೇಳಿದೆ.

"ಎಲ್ಲಿ ಕಾಣುತ್ತೆ? ಏನೂ ಕಾಣಲ್ಲ."

"ಮತ್ತೆ ಆ ಕಡೆಯಿಂದ ಇನ್ನೊಂದು ದೋಣಿ ಬಂದ್ರೆ?"

"ಅದಕ್ಕೇ ಆಗಾಗ ಬಗ್ಗಿ ಹಾಯಿ ಕೆಳಗಿಂದ ನೋಡ್ಬೇಕು."

"ಏನೂ ಇಲ್ಲ ಅನ್ಸಿದ್ರೂ?"

"ಏನೂ ಇಲ್ಲ ಅನ್ಸಿದಾಗ್ಲೇ ನೋಡ್ಬೇಕು ಮೇಡಂ. ಹೊಸಬರಿಗೆ ನಾನು ಮೊದಲು ಹೇಳ್ಕೊಡ್ತಿದ್ದದ್ದೇ ಅದು."

ಹೇಳುತ್ತಲೇ ಅವರ ಕಣ್ಣು ಮೇಜಿನ ಮೇಲಿದ್ದ ಹಲಗೆಗೆ ಹೋಯಿತು. ಹಲಗೆಯನ್ನು ತಿರುಗಿಸಿ ಎಂದರು. ತಿರುಗಿಸಿದೆ. ಇನ್ನೊಮ್ಮೆ ಎಂದರು. ಬಹಳ ಹೊತ್ತು ನೋಡಿದರು.

"ಅಂದ್ರೆ ನನ್ನ ಎಡಗಡೆ ಈಗ ಯಾವಾಗ್ಲೂ ಒಂದು ಹಾಯಿ ಕಟ್ಟಿದೆ ಅಂತೀರಾ?"

"ಹೌದು ಸುಬೇದಾರ್‌ಜೀ."

"ಹಾಗಂತ ಮೊದಲೇ ಹೇಳ್ಬಾರ್ದಾ!" ಎಂದು ನನ್ನನ್ನೇ ಬೈದರು. ಅಷ್ಟು ಸಂತೋಷದಿಂದ ನಾನು ಬೈಸಿಕೊಂಡದ್ದು ಬೇರೆ ನೆನಪಿಲ್ಲ.

ಅಲ್ಲಿಂದ ಕೆಲಸಕ್ಕೊಂದು ದಾರಿ ಸಿಕ್ಕಿತು. ಇಂಥ ರೋಗಿಗಳಿಗೆ ಓದಿಸುವಾಗ ನಾವು ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆಯುತ್ತೇವೆ. ಮೊದಲು ಕೆಂಪನ್ನು ಹುಡುಕಬೇಕು, ಆಮೇಲೆ ಅಲ್ಲಿಂದ ಓದಲು ತೊಡಗಬೇಕು. ದೋಣಿಯ ಪ್ರತಿ ಭಾಗದ ಎಡತುದಿಗೂ ಕೆಂಪು ಟೇಪು ಅಂಟಿಸೋಣ ಎಂದಾಗ ಸುಬೇದಾರರು ತಲೆದೂಗಿದರು. ದೋಣಿಯ ಎಡಪಕ್ಕಕ್ಕೆ ರಾತ್ರಿ ಹಚ್ಚುವುದೂ ಕೆಂಪು ದೀಪವೇ ಅಂತೆ. ನಮ್ಮಿಬ್ಬರ ಕಸುಬಿಗೂ ಎಡಗಡೆ ಎಂದರೆ ಕೆಂಪು ಎಂದು ಗೊತ್ತಾಗಿ ನಮಗೆ ಖುಷಿಯೋ ಖುಷಿ.

ಭಾನುವಾರಗಳಂದು ಮರ್ಫಿ ಟೌನಿನಿಂದ ಡೇವಿಡ್ ಬರುತ್ತಿದ್ದರು. ಸೈನ್ಯದಲ್ಲಿ ಸುಬೇದಾರರ ಕೈಕೆಳಗಿದ್ದ ಬಡಗಿ. ದೋಣಿಯ ತಳದಲ್ಲಿ ಕೊಳೆತಿದ್ದ ಪ್ಲೈವುಡ್ಡನ್ನು ಕತ್ತರಿಸಿ ತೆಗೆದು, ಹೊಸ ತುಂಡು ಕೂರಿಸಿ, ನೀರಿನಲ್ಲೂ ಬಿಟ್ಟುಕೊಳ್ಳದ ಅಂಟು ಹಾಕಿ ಬಿಗಿದರು. ಹರಿದ ಹಾಯಿಯನ್ನು ಕಮಲಮ್ಮ ತಮ್ಮ ಹೊಲಿಗೆ ಯಂತ್ರದಲ್ಲಿ ಹೊಲಿದರು. ವರಾಂಡ ತುಂಬ ಹರಡಿದ ಆ ಬಿಳಿ ಬಟ್ಟೆಯ ನಡುವೆ ಕೂತು, "ಒಂದು ಊರಿಗಾಗುವಷ್ಟು ಲಂಗ ಹೊಲೀಬಹುದಿತ್ತು," ಎಂದು ಗೊಣಗುತ್ತಿದ್ದರು. ಉಜ್ಜುವ, ಬಣ್ಣ ಬಳಿಯುವ ಕೆಲಸವೆಲ್ಲ ಸುಬೇದಾರರದು. ಹಲಗೆಯ ಮೇಲಿನ ಹೊಳಪಿನ ಗೆರೆ ವಾರವಾರವೂ ಎಡಕ್ಕೆ ಸರಿಯತೊಡಗಿತು. ನಿದ್ದೆಗೆಟ್ಟ ದಿನ ಮತ್ತೆ ನಡುವಿಗೇ ಬಂದು ನಿಲ್ಲುತ್ತಿತ್ತು. ದುರ್ಬಲ ಎಡಗೈಯನ್ನೂ ಮರಳುಕಾಗದ ಸುತ್ತಿದ ಕಟ್ಟಿಗೆಗೆ ಪಟ್ಟಿಯಿಂದ ಕಟ್ಟಿ, ಬಲಗೈ ಜೊತೆಗೆ ಎಳೆಸುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಕೋಲು ಹಿಡಿದು ದೋಣಿಯ ಸುತ್ತ ತಾವೇ ಓಡಾಡುತ್ತಿದ್ದರು, ಪಲ್ಯವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಕಮಲಮ್ಮನ ಕುರ್ಚಿಯ ಕೈಗೂ ಕೆಂಪು ಟೇಪು ಸುತ್ತಿದ್ದು ಕಂಡಿತು. ನಾನು ನಕ್ಕು, "ಈಗ ನಿಮ್ಮ ಕಡೆ ತಿರುಗ್ತಾರಲ್ಲ?" ಎಂದೆ.

"ತಿರುಗ್ತಾರೆ. ಆದ್ರೆ ಟೇಪು ನೋಡ್ತಾರೆ ಮೇಡಂ, ನನ್ನನ್ನಲ್ಲ."

ನನ್ನ ನಗು ಅಲ್ಲಿಗೇ ನಿಂತಿತು. ಆಸ್ಪತ್ರೆಯ ಹಾಳೆಗಳಲ್ಲಿ ಅವರ ಅಂಕಗಳು ಏರುತ್ತಿದ್ದವು. ಟೇಪಿಲ್ಲದ ಕಡೆ ತಾವಾಗಿ ತಿರುಗುವರೇ ಎಂಬುದನ್ನು ಹೇಳುವ ಅಂಕ ನನ್ನ ಬಳಿ ಇರಲಿಲ್ಲ. ಕಮಲಮ್ಮನಿಗೆ ಬೇಕಾಗಿದ್ದದ್ದು ಅದೊಂದೇ. ಅವರ ಕೈ ಹಿಡಿದು ಕೂತೆ.

ಕೊನೆಯ ಸುತ್ತಿನ ಬಿಳಿ ಬಣ್ಣಕ್ಕಾಗಿ ದೋಣಿಯ ಟೇಪುಗಳನ್ನೆಲ್ಲ ಕಿತ್ತೆವು. ಅದೇ ದಿನ ಕಮಲಮ್ಮನೂ ತಮ್ಮ ಕುರ್ಚಿಯ ಟೇಪನ್ನು ಕಿತ್ತೆಸೆದರು.

ಬೇಸಿಗೆಯ ಒಂದು ಬೆಳಿಗ್ಗೆ, ಕೆರೆಯಲ್ಲಿ ದೋಣಿ ನಡೆಸುವವರ ಅನುಮತಿ ಪಡೆದು, ತಳ್ಳುಗಾಡಿಯ ಮೇಲೆ ದೋಣಿಯನ್ನು ಹೊರಡಿಸಿದೆವು. ಹಲಸೂರಿನ ಬೀದಿ ಅಂಥ ಮೆರವಣಿಗೆಯನ್ನು ಅದುವರೆಗೆ ನೋಡಿರಲಿಕ್ಕಿಲ್ಲ, ಹೂವಿನ ಅಂಗಡಿಯವನೊಬ್ಬ ಓಡಿ ಬಂದು ದೋಣಿಯ ಮೂತಿಗೆ ಮಲ್ಲಿಗೆ ದಿಂಡು ಕಟ್ಟಿದ. ಚುಕ್ಕಾಣಿಗೆ ಡೇವಿಡ್, ನಡುವೆ ಬಲಪಕ್ಕದಲ್ಲಿ ಸುಬೇದಾರರು. ಈಜು ಬಾರದ ಕಮಲಮ್ಮ ಲೈಫ್ ಜಾಕೆಟ್ಟಿನೊಳಗೆ ಸೆರಗು ತುರುಕಿಕೊಂಡು, ಯಾರನ್ನೂ ಕೇಳದೆ, ಎಡಗಡೆ ಹೋಗಿ ಕೂತರು.

ನಾನು ಕೆರೆಯ ಮೆಟ್ಟಿಲ ಮೇಲೆ ನಿಂತಿದ್ದೆ. ದೋಣಿ ಸೋರಲಿಲ್ಲ. ಗಾಳಿ ಮೆಲ್ಲಗಿತ್ತು. ಹೋಗುವಾಗ ಹಾಯಿ ಬಲಕ್ಕೆ ಚಾಚಿತ್ತು, ಗಂಡ ಹೆಂಡತಿಯ ನಡುವೆ ಅಡ್ಡ ಏನೂ ಇರಲಿಲ್ಲ. ಆದರೂ ಸುಬೇದಾರರು ನೆಟ್ಟ ನೋಟದಲ್ಲಿ ಮುಂದಕ್ಕೇ ನೋಡುತ್ತಿದ್ದರು. ಒಮ್ಮೆಯೂ ಎಡಕ್ಕೆ ತಿರುಗಲಿಲ್ಲ. ಇಷ್ಟು ತಿಂಗಳ ಕೆಲಸ ಟೇಪಿನ ಜೊತೆಗೇ ಕಿತ್ತುಹೋಯಿತಲ್ಲ ಎಂದುಕೊಂಡೆ. ದಡಕ್ಕೆ ಮರಳಲು ಡೇವಿಡ್ ದೋಣಿಯನ್ನು ತಿರುಗಿಸಿದರು. ಹಾಯಿ ಪಟಪಟನೆ ಬಡಿದು ಎಡಕ್ಕೆ ಬಂತು. ಕಮಲಮ್ಮ ತಾವೇ ಹೊಲಿದ ಬಟ್ಟೆಯ ಹಿಂದೆ ಮರೆಯಾದರು.

ಗಾಳಿ ಬಿದ್ದು ದೋಣಿ ಮೆಟ್ಟಿಲಿಗೆ ಹತ್ತಿರದಲ್ಲೇ ನಿಧಾನವಾಯಿತು. ಆಗ ಸುಬೇದಾರರು ಬಲಗೈಯನ್ನು ಅಂಚಿಗೆ ಊರಿ, ಸೊಂಟ ಬಗ್ಗಿಸಿ, ತಲೆಯನ್ನು ಹಾಯಿಯ ಕೆಳಕ್ಕೆ ತಂದು ಎಡಕ್ಕೆ ನೋಡಿದರು. ಯಾರೂ ಹೇಳಿರಲಿಲ್ಲ. ಅವರು ಆಡಿದ್ದು ತಮಿಳಿನಲ್ಲಿ, ಅಷ್ಟು ತಮಿಳು ನನಗೆ ಹಲಸೂರೇ ಕಲಿಸಿತ್ತು.

"ಕಮಲಾ, ಇದ್ದೀಯಾ?"

"ಇಲ್ಲೇ ಇದ್ದೀನಿ," ಎಂದರು ಕಮಲಮ್ಮ. "ಮೊದಲಿಂದ ಇಲ್ಲೇ ಇದ್ದೀನಿ."

ಬಗ್ಗಿದ ಸುಬೇದಾರರು ಬೇಗ ಏಳಲಿಲ್ಲ. ಡೇವಿಡ್ ದಡ ಬಂತೆಂದು ಎರಡು ಸಲ ಕೂಗಬೇಕಾಯಿತು. ನಾನು ಮೆಟ್ಟಿಲ ಮೇಲೆ ನಿಂತು ನಾಚಿಕೆಯಿಲ್ಲದೆ ಅತ್ತೆ.

ನನ್ನ ಕೆಲಸ ಎಂದರೆ ರೋಗಿಗೆ ಕಾಣದ್ದನ್ನು ತೋರಿಸಿಕೊಡುವುದು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ತೋರಿಸಿದರೆ ಆತ ನಮ್ಮ ಬೆರಳನ್ನು ನೋಡುತ್ತಾನೆ, ಟೇಪನ್ನು ನೋಡುತ್ತಾನೆ. ತಾನಾಗಿ ಬಗ್ಗಿ ನೋಡಲು ಆತನಿಗೆ ಆ ಕಡೆ ಯಾರಾದರೂ ಇರಬೇಕು. ನಿವೃತ್ತಳಾಗುವವರೆಗೂ ಇಂಥ ರೋಗಿಗಳ ಮನೆಗೆ ಹೋದಾಗ ಚೀಲ ಬಿಚ್ಚುವ ಮೊದಲು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇವರ ಎಡಗಡೆ ದಿನಾ ಯಾರು ಕೂರ್ತಿದ್ರು?"